ನಗರ ಕಚೇರಿಗಳಲ್ಲಿ ಕನ್ನಡ ಬಲ್ಲ ಕಲಿಕೆಯವರು

ಪದವಿ ಮುಗಿಸಿದ ಯುವಜನರು ನಗರಾಡಳಿತವನ್ನು ಒಳಗಿನಿಂದ ಅರಿಯಲೆಂದು ಕೇಂದ್ರ ಸರ್ಕಾರವು 2020ರ ಜೂನ್ 4ರಂದು ‘ಟ್ಯೂಲಿಪ್’ ಇಂಟರ್ನ್‌ಶಿಪ್ ಯೋಜನೆಯನ್ನು ಆರಂಭಿಸಿತು. ನಗರ ಸ್ಥಳೀಯ ಸಂಸ್ಥೆಗಳಲ್ಲಿ ಎಂಟು ವಾರಗಳಿಂದ ಒಂದು ವರ್ಷದವರೆಗೆ ಕೆಲಸ ಕಲಿಯುವ ಅವಕಾಶವದು. 2024ರಲ್ಲಿ ಮಹಾರಾಷ್ಟ್ರ ಸರ್ಕಾರವು ಮುಖ್ಯಮಂತ್ರಿ ಯುವ ಕಾರ್ಯ ಪ್ರಶಿಕ್ಷಣ ಯೋಜನೆಯನ್ನು ತಂದು, ಮೊದಲಿಗೆ ಆರು ತಿಂಗಳ ತರಬೇತಿಗೆ ಮಾಸಿಕ ವಿದ್ಯಾವೇತನ ಗೊತ್ತುಪಡಿಸಿತು: ಹನ್ನೆರಡನೆಯ ತರಗತಿ ಮುಗಿಸಿದವರಿಗೆ 6,000, ಐಟಿಐ ಅಥವಾ ಡಿಪ್ಲೊಮಾ ಪಡೆದವರಿಗೆ 8,000, ಪದವೀಧರರಿಗೆ 10,000 ರೂಪಾಯಿ. ರಾಜ್ಯದ ನಿವಾಸಿಯಾಗಿರಬೇಕೆಂಬುದು ನಿಯಮವೇ ಹೊರತು, ಇಂಥದೇ ಮಾಧ್ಯಮದಲ್ಲಿ ಓದಿರಬೇಕೆಂದಲ್ಲ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕನ್ನಡಿಗರಿಗೆ ಇದರ ಮಹತ್ವ ವೇತನಕ್ಕಿಂತ ಹಿರಿದು. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕುಂದುಕೊರತೆಯ ಮನವಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ಆದರೆ ವೃದ್ಧೆಯೊಬ್ಬಳು ನಳದ ನೀರಿನ ದೂರನ್ನು ಕನ್ನಡದಲ್ಲಿ ಬರೆಸಿ ತಂದಾಗ, ಅದನ್ನು ಓದಿ ಮರಾಠಿಯಲ್ಲಿ ಟಿಪ್ಪಣಿ ಬರೆಯಬಲ್ಲವರು ಕಚೇರಿಯಲ್ಲಿ ಇಲ್ಲದಿದ್ದರೆ ಆ ಹಕ್ಕು ಕಾಗದದಲ್ಲೇ ಉಳಿದೀತು. ಎರಡೂ ಭಾಷೆ ಬಲ್ಲ ಕನ್ನಡ ಶಾಲೆಯ ಮಕ್ಕಳು ಆ ಕೊರತೆಯನ್ನು ತುಂಬಬಲ್ಲರು.

ತರಬೇತಿಯಿಂದ ಕಾಯಂ ನೌಕರಿಯ ಹಕ್ಕು ಹುಟ್ಟದೆಂಬುದನ್ನು ಪಾಲಕರು ಅರಿತಿರಬೇಕು. ಡೊಮಿಸೈಲ್ ಪ್ರಮಾಣಪತ್ರ, ಅಂಕಪಟ್ಟಿ ಸಿದ್ಧವಿರಲಿ. ಮನೆಯಲ್ಲಿ ಕನ್ನಡ ಉಳಿಯಲಿ, ಕಚೇರಿಯ ಮರಾಠಿಯೂ ಮಕ್ಕಳಿಗೆ ರೂಢಿಯಾಗಲಿ.