ಅಗಲ ಕತ್ತಿ: ಯಾವ ಕೆಲಸಕ್ಕೆ ಯಾವ ಅಲಗು?

ಕಳೆದ ಬಕ್ರೀದ್ ದಿನ ಪಾಯಾ ಮಾಡಲೆಂದು ಕಾಲು ಕಡಿಯುತ್ತಿದ್ದ ನಮ್ಮ ನಾನಿ ಥಟ್ಟನೆ ಕೈ ನಿಲ್ಲಿಸಿದರು. ಅಣ್ಣ ಆನ್‌ಲೈನ್‌ನಲ್ಲಿ ತರಿಸಿದ್ದ ಹೊಸ ಅಗಲ ಕತ್ತಿಯ ಬಾಯಲ್ಲಿ ಅಕ್ಕಿ ಕಾಳಿನಷ್ಟು ಜಾಗ ಖಾಲಿಯಾಗಿತ್ತು. ಆ ಚೂರು ಎಲ್ಲಿ ಹೋಯಿತು? ಅಕ್ಕಪಕ್ಕದ ಮನೆಗಳಿಗೆ ಹಂಚಬೇಕಾದ ಪಾಲೂ ಅದೇ ಪರಾತದಲ್ಲಿತ್ತು. ಒಂದೊಂದೇ ತುಂಡನ್ನು ತೊಳೆದು ಬೆಳಕಿಗೆ ಹಿಡಿದು ನೋಡಿದೆವು. ಕೊನೆಗೆ ಹಳೆಯ ಸ್ಪೀಕರ್‌ನಿಂದ ತೆಗೆದ ಅಯಸ್ಕಾಂತವನ್ನು ಪರಾತದಲ್ಲಿ ಆಡಿಸಿದಾಗ ಚೂರು ಅಂಟಿಕೊಂಡು ಬಂತು. ಸಿಗದೇ ಹೋಗಿದ್ದರೆ ಅಷ್ಟೂ ಮಾಂಸವನ್ನು ಮಣ್ಣಿಗೆ ಹಾಕಬೇಕಾಗಿತ್ತು. ಗಮನಿಸದೇ ಇದ್ದಿದ್ದರೆ ಅದು ಯಾರ ಗಂಟಲಿಗೆ ಹೋಗುತ್ತಿತ್ತೋ.

"ಮೋಸದ ಮಾಲು" ಎಂದು ಅಣ್ಣ ಬೈದ. ಆದರೆ ಕತ್ತಿಯಲ್ಲಿ ಮೋಸವಿರಲಿಲ್ಲ. ಅದಕ್ಕೆ ಕೊಟ್ಟ ಕೆಲಸ ತಪ್ಪಾಗಿತ್ತು.

ನೋಟ ಒಂದೇ, ಕೆಲಸ ಬೇರೆ

ಚೀನೀ ಅಡುಗೆಮನೆಯ ಅಗಲ ಕತ್ತಿ ನೋಡಲು ನಮ್ಮ ಮಟನ್ ಅಂಗಡಿಯ ಮಚ್ಚಿನಂತೆಯೇ ಇರುತ್ತದೆ. ಆದರೆ ಅದರ ಚೀನೀ ಹೆಸರು 'ತ್ಸಾಯ್ ದಾವ್', ಎಂದರೆ ತರಕಾರಿ ಕತ್ತಿ. ನಮ್ಮಲ್ಲಿ ಈಳಿಗೆಮಣೆ ಮಾಡುವ ಕೆಲಸವನ್ನು ಅಲ್ಲಿ ಇದು ಮಾಡುತ್ತದೆ: ಈರುಳ್ಳಿ, ಸೊಪ್ಪು, ಮೂಳೆಯಿಲ್ಲದ ಮಾಂಸ ಹೆಚ್ಚುವುದು, ಅಲಗಿನ ಪಕ್ಕೆಯಿಂದ ಶುಂಠಿ ಬೆಳ್ಳುಳ್ಳಿ ಜಜ್ಜುವುದು, ಹೆಚ್ಚಿದ್ದನ್ನು ಬಾಚಿ ಬಾಣಲೆಗೆ ಹಾಕುವುದು.

ಮೂಳೆ ಕಡಿಯಲು ಚೀನೀಯರೂ ಬೇರೆ ದಪ್ಪ ಕತ್ತಿ ಇಟ್ಟುಕೊಳ್ಳುತ್ತಾರೆ. ಇವೆರಡರ ನಡುವೆ 'ವೆನ್ ವು ದಾವ್' ಎಂಬ ಮೂರನೆಯದೂ ಇದೆ. 'ವೆನ್' ಎಂದರೆ ಓದು-ಬರಹದ ಬದಿ, 'ವು' ಎಂದರೆ ಯುದ್ಧದ ಬದಿ. ಅದರ ಮುಂಭಾಗ ತೆಳು, ತರಕಾರಿಗೆ. ಹಿಡಿಯ ಹತ್ತಿರದ ಭಾಗ ದಪ್ಪ, ಕೋಳಿಯಂಥ ಸಣ್ಣ ಮೂಳೆಗೆ.

ಅಲಗು ಏಕೆ ಚೂರಾಯಿತು?

ಭೌತಶಾಸ್ತ್ರದಲ್ಲಿ ಓದಿದ್ದೇವೆ: ಬಲವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ. ಅಲಗು ತೆಳುವಾದಷ್ಟೂ ಕಡಿಮೆ ಬಲದಲ್ಲಿ ಹೆಚ್ಚು ಒತ್ತಡ ಸಿಗುತ್ತದೆ, ಟೊಮೆಟೊ ಸಿಪ್ಪೆ ನಲುಗದೆ ಹರಿಯುತ್ತದೆ. ಆದರೆ ಹರಿತ ಬಹಳ ದಿನ ನಿಲ್ಲಲೆಂದು ಉಕ್ಕನ್ನು ಗಡುಸು ಮಾಡಿರುತ್ತಾರೆ. ಗಡುಸು ಹೆಚ್ಚಿದರೆ ಬಾಗುವ ಗುಣ ಕಡಿಮೆ. ಅಂಥ ತೆಳು ಅಲಗನ್ನು ನಲ್ಲಿ ಮೂಳೆಯ ಮೇಲೆ ಬೀಸಿದರೆ ಅದು ಬಾಗುವ ಬದಲು ಸಿಡಿಯುತ್ತದೆ. ಮಚ್ಚಿನ ಬಾಯಿ ದಪ್ಪ, ಗಡುಸು ಸ್ವಲ್ಪ ಕಡಿಮೆ; ಹಾಗಾಗಿ ಅದು ಏಟು ತಾಳುತ್ತದೆ.

ಕೊಳ್ಳುವಾಗ ನೋಡಬೇಕಾದ್ದು

ಮೊದಲು ಬೆನ್ನಿನ ದಪ್ಪ. ತರಕಾರಿ ಕತ್ತಿಯ ಬೆನ್ನು ಸಾಮಾನ್ಯವಾಗಿ 2-3 ಮಿ.ಮೀ. ಇದ್ದು, ಬಾಯಿಯ ಕಡೆಗೆ ತೆಳುವಾಗುತ್ತ ಬರುತ್ತದೆ. ಮೂಳೆಯ ಕತ್ತಿ ಅದಕ್ಕಿಂತ ಸ್ಪಷ್ಟವಾಗಿ ದಪ್ಪ, ತೂಕವೂ ಹೆಚ್ಚು. ಕೈಯಲ್ಲಿ ಹಿಡಿದು ನೋಡಿ. ಹತ್ತು ನಿಮಿಷ ಹೆಚ್ಚಿದರೆ ಮಣಿಕಟ್ಟು ನೋಯುವಷ್ಟು ಭಾರ ಇರಬಾರದು. ಅಲಗಿನ ಉಕ್ಕು ಹಿಡಿಯ ಒಳಗೆ ಕೊನೆಯವರೆಗೂ ಹೋಗಿದೆಯೇ, ಹಿಡಿ ಅಲುಗುತ್ತದೆಯೇ ಎಂದು ಪರೀಕ್ಷಿಸಿ. ಹಿಡಿಯಿಂದ ಕಳಚಿ ಹಾರುವ ಅಲಗು ಮೊಂಡು ಅಲಗಿಗಿಂತ ಅಪಾಯ.

ಆಮೇಲೆ ಉಕ್ಕು. ಸ್ಟೇನ್‌ಲೆಸ್ ಉಕ್ಕಿನಲ್ಲಿ ಕನಿಷ್ಠ 10.5% ಕ್ರೋಮಿಯಂ ಇರುವುದರಿಂದ ಬೇಗ ತುಕ್ಕು ಹಿಡಿಯದು. ಕಾರ್ಬನ್ ಉಕ್ಕು ಮಸೆಯಲು ಸುಲಭ, ಆದರೆ ಒದ್ದೆ ಬಿಟ್ಟರೆ ತುಕ್ಕು ಖಂಡಿತ.

ನಮ್ಮ ಕಡೆ ಮರಗಸಿಯ ಕತ್ತಿಯಿಂದ ಮಾಂಸದ ಮಚ್ಚಿನವರೆಗೆ ಕುಲುಮೆಯಲ್ಲೇ ಮಾಡಿಸುವ ರೂಢಿಯಿದೆ. ಕಮ್ಮಾರರು ಇದಕ್ಕೆ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿ ಬಳಸುವುದುಂಟು. ಭಾರ ಹೊತ್ತು ಬಾಗಿ ಮತ್ತೆ ನೇರವಾಗುವ ಆ ಉಕ್ಕು ಏಟು ತಾಳುವ ಮಚ್ಚಿಗೆ ಹೇಳಿ ಮಾಡಿಸಿದಂತಿದೆ. ಹಳೆಯ ಉಕ್ಕಿಗೆ ಹೊಸ ಬಾಳು ಕೊಡುವ ಈ ಜಾಣತನ ಬೇರೆಡೆಯೂ ಇದೆ. ತೈವಾನ್ ಆಡಳಿತದಲ್ಲಿರುವ ಕಿನ್ಮೆನ್ ದ್ವೀಪದ ಮೇಲೆ 1958ರಲ್ಲಿ ಚೀನಾ ಸೇನೆ ಲಕ್ಷಗಟ್ಟಲೆ ಶೆಲ್‌ಗಳನ್ನು ಸುರಿಸಿತು. ಅಲ್ಲಿನ ಕಮ್ಮಾರರು ಆ ಶೆಲ್‌ಗಳ ಉಕ್ಕಿನಿಂದಲೇ ಅಡುಗೆ ಕತ್ತಿ ಮಾಡಿದರು. ಇಂದಿಗೂ ಕಿನ್ಮೆನ್ ಕತ್ತಿಗಳು ಪ್ರಸಿದ್ಧ.

ಮಸೆಯುವ ಲೆಕ್ಕ

ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಒಂದು ಬದಿ ಒರಟು, ಇನ್ನೊಂದು ಬದಿ ನಯವಾದ ಮಸೆಕಲ್ಲು ಸಾಕು. ಕಲ್ಲಿನ ಕೆಳಗೆ ಒದ್ದೆ ಬಟ್ಟೆ ಹಾಸಿ, ಜಾರದಂತೆ ಮಾಡಿ, ಮೇಲೆ ನೀರು ಹಾಕಿ. ತರಕಾರಿ ಕತ್ತಿಗೆ ಪ್ರತಿ ಬದಿ ಸುಮಾರು 15 ಡಿಗ್ರಿ, ಮೂಳೆ ಕತ್ತಿಗೆ ಸುಮಾರು 25 ಡಿಗ್ರಿ ಕೋನ ಬೇಕು. ಕೋನ ಅಳೆಯುವುದು ಹೇಗೆ? ಇಲ್ಲಿ ನಮ್ಮ ತ್ರಿಕೋನಮಿತಿ ಕೆಲಸಕ್ಕೆ ಬರುತ್ತದೆ. ಅಲಗು 10 ಸೆಂ.ಮೀ. ಅಗಲವಿದ್ದರೆ, ಸೈನ್ 15 ಡಿಗ್ರಿ ಎಂದರೆ 0.26, ಬೆನ್ನನ್ನು ಕಲ್ಲಿನಿಂದ 2.6 ಸೆಂ.ಮೀ. ಎತ್ತಿ ಹಿಡಿಯಬೇಕು. 25 ಡಿಗ್ರಿಗೆ 4.2 ಸೆಂ.ಮೀ.

ಅದೇ ಎತ್ತರದಲ್ಲಿ ಒಂದು ಬದಿ ಮಸೆಯುತ್ತ ಹೋದರೆ ಇನ್ನೊಂದು ಬದಿಗೆ ಕೂದಲೆಳೆಯಂಥ ಒರಟು ಅಂಚು ಏಳುತ್ತದೆ. ಆಗ ಬದಿ ಬದಲಿಸಿ. ಕೊನೆಗೆ ನಯವಾದ ಬದಿಯಲ್ಲಿ ಹಗುರವಾಗಿ ಎಳೆದು ಆ ಅಂಚು ತೆಗೆಯಿರಿ. ಹರಿತವನ್ನು ಬೆರಳಿನಲ್ಲಿ ನೋಡಬೇಡಿ. ಕಾಗದ ಕತ್ತರಿಸಿ ನೋಡಿ. ಕರೆಂಟ್ ಸಾಣೆ ಯಂತ್ರಕ್ಕೆ ಕೊಟ್ಟರೆ ಅಲಗು ಬಿಸಿಯಾಗಿ ನೀಲಿ ಬಣ್ಣಕ್ಕೆ ತಿರುಗದಂತೆ ನೋಡಿಕೊಳ್ಳಿ. ನೀಲಿಯಾದ ಕಡೆ ಹದ ಹೋಗುತ್ತದೆ, ಹರಿತ ನಿಲ್ಲುವುದಿಲ್ಲ.

ದಿನದ ಆರೈಕೆ

ಹುಣಸೆ, ನಿಂಬೆ, ಟೊಮೆಟೊಗಳ ಆಮ್ಲ ಉಕ್ಕನ್ನು ತಿನ್ನುತ್ತದೆ. ಕೆಲಸ ಮುಗಿದ ಕೂಡಲೇ ತೊಳೆದು, ಬಟ್ಟೆಯಲ್ಲಿ ಒರೆಸಿಡಿ. ಸಿಂಕಿನ ಪಾತ್ರೆಗಳ ನಡುವೆ ಬಿಡಬೇಡಿ. ಅಲಗಿಗೂ ಕೇಡು, ಪಾತ್ರೆ ತೊಳೆಯುವ ಕೈಗೂ ಕೇಡು. ಕಾರ್ಬನ್ ಉಕ್ಕಿಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ. ನಮ್ಮ ಮಳೆಗಾಲದಲ್ಲಿ ಇದನ್ನು ಮರೆಯಲೇಬಾರದು. ಗ್ರಾನೈಟ್ ಕಟ್ಟೆಯ ಮೇಲೆ, ಸ್ಟೀಲ್ ತಟ್ಟೆಯಲ್ಲಿ ಹೆಚ್ಚಿದರೆ ಒಂದೇ ದಿನದಲ್ಲಿ ಬಾಯಿ ಮೊಂಡಾಗುತ್ತದೆ. ಮರದ ಹಲಗೆಯೇ ಸರಿ. ಮಾಂಸದಂಗಡಿಗಳಲ್ಲಿ ಹುಣಸೆ ದಿಮ್ಮಿ ಇಡುವುದು ಸುಮ್ಮನೆ ಅಲ್ಲ. ಆ ಮರ ಗಟ್ಟಿ, ಬೇಗ ಸೀಳದು.

ಬಲಕ್ಕಿಂತ ಜಾಗ ಮುಖ್ಯ

ಚೀನಾದ ಪ್ರಾಚೀನ ಕಥೆಯೊಂದರಲ್ಲಿ ಒಬ್ಬ ಅಡುಗೆಯವನ ಕತ್ತಿ 19 ವರ್ಷವಾದರೂ ಹೊಸದರಂತಿತ್ತು. ಅವನು ಮೂಳೆಗೆ ಹೊಡೆಯುತ್ತಿರಲಿಲ್ಲ. ಕೀಲುಗಳ ನಡುವಿನ ಸಂದಿಯಲ್ಲಿ ಅಲಗು ಹಾಯಿಸುತ್ತಿದ್ದ. ನಮ್ಮ ಮಟನ್ ಅಂಗಡಿಯವರನ್ನು ಗಮನಿಸಿ, ಅವರೂ ಮೊದಲು ಛುರಿಯಿಂದ ಕೀಲು ಬಿಡಿಸಿ, ಆಮೇಲೆ ಮಚ್ಚು ಎತ್ತುತ್ತಾರೆ.

ಕುರ್ಬಾನಿಗೆ ಮುನ್ನ ಛುರಿ ಹರಿತ ಮಾಡಿಕೊಳ್ಳಬೇಕು, ಪ್ರಾಣಿಗೆ ಹೆಚ್ಚು ನೋವಾಗಬಾರದು ಎಂದು ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ಆ ಎಚ್ಚರ ಆ ಒಂದು ದಿನಕ್ಕೆ ಮುಗಿಯಬಾರದು. ಮೊಂಡು ಕತ್ತಿಗೆ ಹೆಚ್ಚು ಬಲ ಹಾಕಬೇಕು, ಬಲ ಹಾಕಿದಾಗಲೇ ಅದು ಜಾರಿ ಕೈ ಕೊಯ್ಯುತ್ತದೆ. ನಮ್ಮ ಮನೆಗಳಲ್ಲಿ ಆ ಕೈ ಹೆಚ್ಚಾಗಿ ಅಮ್ಮಿಯದೋ ನಾನಿಯದೋ ಆಗಿರುತ್ತದೆ. ಭಾನುವಾರ ಅರ್ಧ ಗಂಟೆ ಮಸೆಕಲ್ಲಿನ ಮುಂದೆ ಕೂರುವುದು ಹುಡುಗರಾದ ನಮಗೂ ಸಾಧ್ಯ.

ಅಣ್ಣನ ಕತ್ತಿ ಈಗಲೂ ಮನೆಯಲ್ಲಿದೆ. ಒರಟು ಕಲ್ಲಿನಲ್ಲಿ ಮಸೆದು ಆ ಕಚ್ಚು ತೆಗೆದಿದ್ದೇವೆ. ಅದೀಗ ಈರುಳ್ಳಿ, ಸೊಪ್ಪು ಹೆಚ್ಚುತ್ತದೆ. ಪಾಯಾಕ್ಕೆ ನಾನಿ ತಮ್ಮ ಹಳೆಯ ಮಚ್ಚನ್ನೇ ಕೇಳುತ್ತಾರೆ.