ದೊಡ್ಡ ಟೈರು ಹಾಕಿದ ಜೀಪು, ಹಲ್ಲಿನ ಲೆಕ್ಕ

ನಮ್ಮ ಜೀಪು ಹಿಂದಕ್ಕೆ ಜಾರಿದ್ದು ಹೊಲದಿಂದ ಕಾಲುವೆಯ ಏರಿ ಹತ್ತುವಾಗ. ಹಿಂದೆ ಆರು ಚೀಲ ಭತ್ತ, ಚೀಲದ ಮೇಲೆ ಹತ್ತು ವರ್ಷದ ಮೊಮ್ಮಗಳು. ಸ್ಟೇರಿಂಗ್ ಹಿಡಿದವನು ಅವಳ ಅಣ್ಣ, ಪಕ್ಕದಲ್ಲಿ ನಾನು. ಹೋದ ವರ್ಷ ಇದೇ ಏರನ್ನು ಇಷ್ಟೇ ಭಾರ ಹೊತ್ತು ಮೊದಲ ಗೇರಿನಲ್ಲಿ ಹತ್ತಿದ್ದ ಗಾಡಿ ಈ ಸಲ ಅರ್ಧಕ್ಕೇ ನಿಂತುಬಿಟ್ಟಿತು. ಕ್ಲಚ್ ಸುಟ್ಟ ವಾಸನೆ ಬಂತು.

‘ಮುತ್ಯಾ, ಗಾಡಿ ಹಿಂದಕ ಹೊಂಟದ!’ ಎಂದು ಹುಡುಗಿ ಕೂಗಿದಳು. ಬ್ರೇಕ್ ಒತ್ತಿದರೂ ಎರಡು ಮಾರು ಜಾರಿ ನಿಂತಿತು. ನಿಂತದ್ದೇ ತಡ, ಅವಳು ಕೆಳಗೆ ಧುಮುಕಿ ಹಿಂದಿನ ಗಾಲಿಗೆ ಕಲ್ಲು ಕೊಟ್ಟಳು. ಬುದ್ಧಿ ಒಳ್ಳೆಯದೇ. ಆದರೂ ಜಾರುವ ಗಾಡಿಯ ಹಿಂದೆ ಹೋಗಬಾರದೆಂದು ಆಮೇಲೆ ಬೈದೆ.

ನಾರಾಯಣಪುರದ ಹತ್ತಿರ ಕೃಷ್ಣೆಗೆ ಕಟ್ಟಿದ ಬಸವಸಾಗರ ಅಣೆಕಟ್ಟು ಮುಗಿದದ್ದು 1982ರಲ್ಲಿ. ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಜೋಳ ಬೆಳೆಯುತ್ತಿದ್ದ ಎರೆಹೊಲಗಳು ಭತ್ತದ ಗದ್ದೆಗಳಾದವು. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನಾನು ಆ ಕಾಲದಲ್ಲಿ ಬರೆದ ಟ್ರ್ಯಾಕ್ಟರ್ ಸಾಲದ ಖಾತೆಗಳಿಗೆ ಲೆಕ್ಕವಿಲ್ಲ. ಎರೆಮಣ್ಣು ಹಸಿಯಾದರೆ ಗಾಲಿಗೆ ಬೆಲ್ಲದಂತೆ ಅಂಟುತ್ತದೆ. ಅದಕ್ಕೇ ಮೊಮ್ಮಗ, ಹರಾಜಿನಲ್ಲಿ ಕೊಂಡ ನಮ್ಮ ಹಳೇ ಡೀಸೆಲ್ ಜೀಪಿನ ಕಮಾನುಪಟ್ಟಿಗಳ ಕೊಂಡಿ ಉದ್ದ ಮಾಡಿಸಿ, ಗಾಡಿಯನ್ನು ಎತ್ತರಿಸಿ, ದೊಡ್ಡ ಟೈರು ಹಾಕಿಸಿಕೊಂಡು ಬಂದಿದ್ದ. ಊರಿನ ಹುಡುಗರೆಲ್ಲ ನೋಡಲು ಬಂದರು. ಚೆಂದ ಕಾಣುತ್ತಿತ್ತು, ಸುಳ್ಳು ಹೇಳಲಾರೆ.

ಏರಿಯ ಪ್ರಸಂಗದ ಮರುದಿನ ಮಿಸ್ತ್ರಿ ಬಂದು ಸುತ್ತ ನೋಡಿದ. ‘ಸಾಹೇಬ್ರ, ಬರೇ ಟೈರ್ ಬದಲ ಮಾಡಿದ್ರ ಮುಗೀಲಿಲ್ರಿ. ಕ್ರೌನ್-ಪಿನಿಯನ್ ಲೆಕ್ಕ ನೋಡಬೇಕಾಗ್ತದ’ ಎಂದ. ಲೆಕ್ಕ ಎಂಬ ಮಾತು ಕಿವಿಗೆ ಬಿದ್ದರೆ ನಾನು ಸುಮ್ಮನಿರುವವನಲ್ಲ. ಮೊಮ್ಮಗಳನ್ನು ಕರೆದು ಸೀಮೆಸುಣ್ಣ, ಟೇಪು ತರಿಸಿದೆ.

ಹಳೆಯ ಟೈರಿಗೆ ಒಂದು ಗೆರೆ ಎಳೆದು ನೆಲದ ಮೇಲೆ ಒಂದು ಸುತ್ತು ಉರುಳಿಸಿದಳು: 88 ಇಂಚು. ಹೊಸದನ್ನು ಉರುಳಿಸಿದಳು: 97 ಇಂಚು. ಅಂದರೆ ಹಳೆಯದರ ಎತ್ತರ 28 ಇಂಚು, ಹೊಸದರದು 31. ಗಾಲಿ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ ಎಂದರೆ ಎಂಜಿನ್ನು ಒಂದು ಸುತ್ತಿಗೆ ಹೆಚ್ಚು ದೂರ ದಬ್ಬಬೇಕು. ಸೈಕಲ್ ತುಳಿಯುವ ಮಕ್ಕಳಿಗೆ ಇದು ಗೊತ್ತು. ತಂಗಿಯ ಚಿಕ್ಕ ಗಾಲಿಯ ಸೈಕಲ್ಲು ದಿಬ್ಬವನ್ನು ಸಲೀಸಾಗಿ ಹತ್ತುತ್ತದೆ, ಅಪ್ಪನ ದೊಡ್ಡ ಸೈಕಲ್ಲಿಗೆ ಎದ್ದು ನಿಂತು ತುಳಿಯಬೇಕು.

ಜೀಪಿನಲ್ಲಿ ಇದನ್ನು ಸರಿದೂಗಿಸುವ ಜಾಗ ಆಕ್ಸಲ್ಲಿನ ನಡುವೆ ಬುರುಡೆಯಂತೆ ಉಬ್ಬಿದ ಹೌಸಿಂಗ್. ಅದರೊಳಗೆ ಎಂಜಿನ್ ಕಡೆಯಿಂದ ಬರುವ ಉದ್ದ ಶಾಫ್ಟಿನ ತುದಿಗೆ ಚಿಕ್ಕ ಹಲ್ಲುಗಾಲಿ, ಪಿನಿಯನ್. ಅದು ತಿರುಗಿಸುವ ದೊಡ್ಡ ಹಲ್ಲುಗಾಲಿ, ಕ್ರೌನ್. ಕ್ರೌನಿನ ಹಲ್ಲನ್ನು ಪಿನಿಯನ್ನಿನ ಹಲ್ಲಿನಿಂದ ಭಾಗಿಸಿದರೆ ಬರುವುದೇ ಗೇರ್ ರೇಷಿಯೊ. ಈ ಅಂಕಿ ದೊಡ್ಡದಾದಷ್ಟೂ ಎಳೆತ ಹೆಚ್ಚು, ಓಟ ಕಡಿಮೆ.

ಹೌಸಿಂಗ್ ಬಿಚ್ಚದೆಯೂ ಇದನ್ನು ತಿಳಿಯಬಹುದು. ಮಿಸ್ತ್ರಿ ಮೂರು ಗಾಲಿಗೆ ಕಲ್ಲು ಕೊಟ್ಟು, ಗೇರು ನ್ಯೂಟ್ರಲ್ ಮಾಡಿ, ಹಿಂದಿನ ಒಂದೇ ಗಾಲಿ ಎತ್ತಿ ಸ್ಟ್ಯಾಂಡಿನ ಮೇಲೆ ಕೂಡಿಸಿದ. ಒಂದು ಗಾಲಿ ನೆಲದ ಮೇಲೆ ನಿಂತಿರುವಾಗ ಎತ್ತಿದ ಗಾಲಿಯನ್ನು 2 ಸುತ್ತು ತಿರುಗಿಸಿದರೆ ಕ್ರೌನ್ 1 ಸುತ್ತು. ಅವನು 20 ಸುತ್ತು ತಿರುಗಿಸಿದ, ಹುಡುಗಿ ಶಾಫ್ಟಿನ ಮೇಲಿನ ಸುಣ್ಣದ ಗುರುತು ಎಣಿಸಿದಳು. 48 ಪೂರ್ತಿ, ಮೇಲೆ ಮುಕ್ಕಾಲು. ಹತ್ತರಿಂದ ಭಾಗಿಸಿದರೆ 4.875. ಅಂದರೆ ಕ್ರೌನಿಗೆ 39 ಹಲ್ಲು, ಪಿನಿಯನ್ನಿಗೆ 8. ಮಿಸ್ತ್ರಿಯ ಬಾಯಲ್ಲಿ ಇದು ‘ನಾಲ್ಕು ಎಂಬತ್ತೆಂಟು’.

ಇನ್ನು ಉಳಿದದ್ದು ತ್ರೈರಾಶಿ. 4.875ನ್ನು 31ರಿಂದ ಗುಣಿಸಿ 28ರಿಂದ ಭಾಗಿಸಿ: ಸುಮಾರು 5.4. ಹಳೆಯ ಎಳೆತ ಮರಳಿ ಬರಬೇಕಾದರೆ ಬೇಕಾದ ರೇಷಿಯೊ ಅದು. ಹಳೇ ವಿಲ್ಲಿಸ್ ಜೀಪುಗಳಲ್ಲಿ 43 ಹಲ್ಲಿಗೆ 8 ಹಲ್ಲಿನ ಜೋಡಿ ಇರುತ್ತಿತ್ತು, 5.375. ನಮಗೆ ಹೇಳಿ ಮಾಡಿಸಿದಂತೆ! ಮೊಮ್ಮಗನಿಗೆ ಮೊದಲು 33 ಇಂಚಿನ ಟೈರಿನ ಆಸೆಯಿತ್ತಂತೆ. ಅದಕ್ಕೆ 5.75ರ ಹತ್ತಿರ ಬೇಕಾಗುತ್ತಿತ್ತು. ಅಂಥ ಜೋಡಿ ತನ್ನ ಕೈಗೆ ಎಂದೂ ಬಂದಿಲ್ಲ ಎಂದ ಮಿಸ್ತ್ರಿ. ಟೈರು ಕೊಳ್ಳುವ ಮೊದಲೇ ಗೇರಿನ ಲೆಕ್ಕ ಹಾಕಬೇಕು ಎನ್ನುವುದು ಇದಕ್ಕೇ.

ರಸ್ತೆಯ ಮೇಲೂ ಲೆಕ್ಕ ಹಾಕಿದೆ. ಟಾಪ್ ಗೇರಿನಲ್ಲಿ ಗಂಟೆಗೆ 60 ಕಿ.ಮೀ. ಹೋಗುವಾಗ ಹಳೇ ಟೈರಿನಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 2180 ಸುತ್ತು. ದೊಡ್ಡ ಟೈರಿನಲ್ಲಿ 1970. ಹೊಸ ಕ್ರೌನ್ ಹಾಕಿದರೆ ಮತ್ತೆ 2170. ಮಟ್ಟಸವಾದ ಹೆದ್ದಾರಿಯಲ್ಲಿ ಒಂಟಿಯಾಗಿ ಓಡಿಸುವವನಿಗೆ 1970 ಹಿತವೆನಿಸೀತು, ಭಾರ ಹೇರುವವನಿಗಲ್ಲ. ನಾಲ್ಕೂ ಗಾಲಿ ಎಳೆಯುವ ‘ಲೋ’ ಹಾಕಿದ್ದರೆ ಆ ಏರಿ ಹತ್ತುತ್ತಿತ್ತಲ್ಲ ಎಂದು ಬಲ್ಲವರು ಕೇಳಬಹುದು. ನಿಜ, ಕೊನೆಗೆ ಹತ್ತಿಸಿದ್ದೂ ಹಾಗೆಯೇ. ಆದರೆ ಗೇರು ಬ್ರೇಕಿಗೆ ನೆರವಾಗುವುದಿಲ್ಲ. ಗಾಲಿ ಎತ್ತರವಾದಷ್ಟೂ ಅದನ್ನು ಹಿಡಿದು ನಿಲ್ಲಿಸಲು ಬ್ರೇಕು ಹೆಚ್ಚು ಶ್ರಮಪಡಬೇಕು. ಅಂದು ಎರಡು ಮಾರು ಜಾರಿದ್ದರ ಗುಟ್ಟು ಅದು.

ಡೈರಿ ತೆಗೆದು ನೋಡಿದಾಗ ಇನ್ನೊಂದು ತಮಾಷೆ. ಲೀಟರಿಗೆ 12 ಕಿ.ಮೀ. ಕೊಡುತ್ತಿದ್ದ ಗಾಡಿ 10ಕ್ಕೆ ಇಳಿದಿದೆ ಎಂದು ನಾನೇ ಗೊಣಗಿದ್ದೆ. ಮೀಟರಿಗೆ ಟೈರು ದೊಡ್ಡದಾದದ್ದು ಗೊತ್ತಿಲ್ಲ. ಅದು 10 ಎಂದಾಗ ಗಾಡಿ ಓಡಿದ್ದು 11. ಅದೇ ರೀತಿ ಮುಳ್ಳು 60 ತೋರಿಸುವಾಗ ನಿಜವಾದ ವೇಗ 66. ಮೈಲೇಜಿನ ತಪ್ಪು ಜೇಬಿಗೆ ಸಂಬಂಧಿಸಿದ್ದು, ವೇಗದ ತಪ್ಪು ಜೀವಕ್ಕೆ.

ಖರ್ಚು ಉಳಿಸಲು ಮೊಮ್ಮಗ, ಹಿಂದಿನ ಆಕ್ಸಲ್ಲಿಗೆ ಮಾತ್ರ ಹೊಸ ಜೋಡಿ ಹಾಕೋಣ ಎಂದ. ಮಿಸ್ತ್ರಿ ಕಿವಿ ಮುಟ್ಟಿಕೊಂಡ. ಹಿಂದೆ 5.375, ಮುಂದೆ 4.875 ಇದ್ದು ನಾಲ್ಕೂ ಗಾಲಿಗೆ ಎಳೆತ ಕೊಟ್ಟರೆ ಮುಂದಿನವು ಬೇಗ, ಹಿಂದಿನವು ನಿಧಾನ. ಎರಡೂ ಗುದ್ದಾಡಿ ನಡುವಿನ ಗೇರುಗಳೇ ಮುರಿಯುತ್ತವೆ. ಫೋರ್‌ವೀಲ್ ಟ್ರ್ಯಾಕ್ಟರಿಗೆ ಹಿಂದಿನ ಟೈರು ಮಾತ್ರ ದೊಡ್ಡದು ಹಾಕಿಸುವ ರೈತರೂ ಇದನ್ನು ಗಮನಿಸಬೇಕು.

ಎರಡು ಜೋಡಿ ಕ್ರೌನ್-ಪಿನಿಯನ್ (ಅವನ್ನು ಬಿಡಿಯಾಗಿ ಕೊಳ್ಳುವಂತಿಲ್ಲ, ಒಂದಕ್ಕೊಂದು ತೇದು ಹೊಂದಿಸಿದ ಜೋಡಿಯೇ ಬೇಕು), ಬೇರಿಂಗು, ಸೀಲು, ಹಲ್ಲು ಹಲ್ಲಿಗೆ ಕೂಡುವುದನ್ನು ಬಣ್ಣ ಹಚ್ಚಿ ನೋಡಿ ತೆಳು ತಗಡು ಕೊಟ್ಟು ಕೂಡಿಸುವ ಕೂಲಿ: ಎಲ್ಲ ಸೇರಿಸಿದರೆ ಹರಾಜಿನಲ್ಲಿ ಗಾಡಿಗೆ ಕೊಟ್ಟ ಹಣದ ಅರ್ಧಕ್ಕೂ ಮೇಲೆ. ಅದರ ಮೇಲೆ ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ನಮೂದಿಸಿದ ವಿವರಕ್ಕೆ ಹೊಂದದಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದಿದೆ. ಅಪಘಾತವಾದರೆ ವಿಮೆಯವರು ಮೊದಲು ನೋಡುವುದೂ ಇದನ್ನೇ.

ಎರಡು ದಿನ ಮೊಮ್ಮಗ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ತಾನೇ ಹೋಗಿ ಹಳೆಯ ಕೊಂಡಿ, ಹಳೆಯ ಅಳತೆಯ ಟೈರು ಹಾಕಿಸಿಕೊಂಡು ಬಂದ. ದೊಡ್ಡ ಟೈರುಗಳಲ್ಲಿ ಮೂರು ದನದ ಕೊಟ್ಟಿಗೆಯಲ್ಲಿವೆ, ಕೋಳಿ ಮೊಟ್ಟೆ ಇಡುತ್ತವೆ. ಒಂದು ಬೇವಿನ ಮರಕ್ಕೆ ಜೋಕಾಲಿಯಾಗಿದೆ.

ಮೊನ್ನೆ ಸುಗ್ಗಿಯಲ್ಲಿ ಅದೇ ಏರಿಯನ್ನು ಆರು ಚೀಲ ಹೊತ್ತು ಮೊದಲ ಗೇರಿನಲ್ಲೇ ಹತ್ತಿತು ಗಾಡಿ. ಮೊಮ್ಮಗಳನ್ನು ಮಾತ್ರ ಕೆಳಗಿಳಿಸಿ, ಪಕ್ಕದ ಬದುವಿನ ಮೇಲೆ ನಡೆಸಿದೆವು. ಹಲ್ಲು ಎಣಿಸಿದವಳನ್ನೇ ಇಳಿಸಿದಿರಿ ಎಂದು ಅವಳಿಗೆ ಇನ್ನೂ ಸಿಟ್ಟಿದೆ.