ಹೊಳೆ ಬದಿಯ ಮನೆ, ವಿಮೆಯ ಲೆಕ್ಕ

ಗಲ್ಫ್‌ನಲ್ಲಿ ದುಡಿಯುವ ನಮ್ಮಲ್ಲಿ ಅನೇಕರ ಉಳಿತಾಯವೆಂದರೆ ಊರಿನಲ್ಲಿ ಕಟ್ಟಿಸಿದ ಮನೆ. ಆ ಮನೆ ನೇತ್ರಾವತಿ, ಕುಮಾರಧಾರಾ, ಕೃಷ್ಣಾ ಅಥವಾ ಘಟಪ್ರಭಾ ದಡದಲ್ಲಿದ್ದರೆ, ಮಳೆಗಾಲ ಬಂತೆಂದರೆ ಇಲ್ಲಿ ನಮಗೆ ನಿದ್ದೆ ಬರುವುದಿಲ್ಲ. ಬಂಟ್ವಾಳದ ಕಡೆ 1923 ಮತ್ತು 1974ರ ನೆರೆಗಳು ಇಂದಿಗೂ ಮಾತಿಗೆ ಬರುತ್ತವೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಉಕ್ಕಿ ಹರಿದಾಗ, ಪೂರ್ತಿ ಬಿದ್ದ ಮನೆಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. 30 ಲಕ್ಷ ಹಾಕಿ ಕಟ್ಟಿದವರಿಗೆ ಅದು ಎಷ್ಟರಮಟ್ಟಿಗೆ ಸಾಕು?

ಉಳಿದ ಹಣ ವಿಮೆಯಿಂದ ಬರಬೇಕು. ಆದರೆ ನೆರೆಯ ಒಟ್ಟು ನಷ್ಟವೇ ಬೇರೆ, ವಿಮೆ ತುಂಬಿಕೊಡುವ ನಷ್ಟವೇ ಬೇರೆ. 2021ರ ಜುಲೈನಲ್ಲಿ ಜರ್ಮನಿಯ ಆರ್ ನದಿ ಕಣಿವೆಯಲ್ಲಿ ಭಾರಿ ಪ್ರವಾಹ ಬಂತು. ಅಲ್ಲಿ ಮರುನಿರ್ಮಾಣಕ್ಕೆ ಸರ್ಕಾರ 30 ಬಿಲಿಯನ್ ಯೂರೋ ನಿಧಿ ತೆಗೆದಿಟ್ಟಿತು. ವಿಮಾ ಕಂಪನಿಗಳ ಪಾಲು 8 ಬಿಲಿಯನ್ ಚಿಲ್ಲರೆ. ಅಂಥ ಶ್ರೀಮಂತ ದೇಶದಲ್ಲೂ ಅರ್ಧಕ್ಕಿಂತ ಹೆಚ್ಚು ಮನೆಗಳಿಗೆ ಪ್ರವಾಹದ ವಿಮೆ ಇರಲಿಲ್ಲ. ಕಂಪನಿಗಳ ಮೊದಲ ಅಂದಾಜು ಕೂಡ ಸುಮಾರು 5 ಬಿಲಿಯನ್ ಇತ್ತು, ತಿಂಗಳುಗಳು ಕಳೆದಂತೆ ಏರಿತು.

ಈ ಅಂದಾಜು ಮಾಡುವುದು ಹೇಗೆ? ಫಾರ್ಮಸಿಯಲ್ಲಿ ನಾವು ರೋಗಿಯ ವಯಸ್ಸು, ತೂಕ, ಕಿಡ್ನಿ ನೋಡದೆ ಡೋಸ್ ಹೇಳುವುದಿಲ್ಲ. ಇಲ್ಲೂ ಹಾಗೆಯೇ. ಮೊದಲು, ಮನೆಯೊಳಗೆ ನೀರು ಎಷ್ಟು ಅಡಿ ನಿಂತಿತು, ಎಷ್ಟು ದಿನ ನಿಂತಿತು. ಎರಡನೆಯದು, ಮನೆ ಎಂಥದ್ದು. ಮಣ್ಣಿನ ಗೋಡೆ ಎರಡು ದಿನದ ನೀರಿಗೆ ಕುಸಿಯಬಹುದು. ಕಾಂಕ್ರೀಟ್ ಮನೆ ನಿಲ್ಲುತ್ತದೆ, ವೈರಿಂಗ್, ಬಾಗಿಲು, ಕಪಾಟು ಹೋಗುತ್ತವೆ. ಮೂರನೆಯದು, ಮತ್ತೆ ಕಟ್ಟಲು ಎಷ್ಟು ಬೇಕು. ನೆರೆಯ ನಂತರ ಊರಿಗೆ ಊರೇ ಮೇಸ್ತ್ರಿ ಹುಡುಕುವುದರಿಂದ ಕೂಲಿಯೂ ಸಾಮಾನಿನ ಬೆಲೆಯೂ ಏರುತ್ತವೆ. ಕೊನೆಯದಾಗಿ, ಪಾಲಿಸಿಯಲ್ಲಿ ಏನು ಬರೆದಿದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಂದು ಊರಿನ 200 ಮನೆಗಳಿಗೆ ನೀರು ನುಗ್ಗಿ ತಲಾ 5 ಲಕ್ಷ ಹಾನಿಯಾಯಿತು. ಒಟ್ಟು ನಷ್ಟ 10 ಕೋಟಿ. ವಿಮೆ ಇದ್ದದ್ದು 20 ಮನೆಗೆ ಮಾತ್ರ ಎಂದರೆ ಕಂಪನಿ ಕೊಡುವುದು ಹೆಚ್ಚೆಂದರೆ 1 ಕೋಟಿ. ಉಳಿದ 9 ಕೋಟಿ ಯಾರದ್ದು? ಮನೆಯವರದ್ದೇ. ಅಂದರೆ ಇಲ್ಲಿಂದ ನಾವು ಕಳಿಸಬೇಕಾದ ಹಣ.

ಭಾರತದಲ್ಲಿ 2021ರ ಏಪ್ರಿಲ್ 1ರಿಂದ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಮನೆ ವಿಮೆ ಇದೆ. ಪ್ರವಾಹ ಅದರಲ್ಲಿ ಸೇರಿದೆ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಅದರ ಶೇಕಡಾ 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ಮನೆಯೊಳಗಿನ ಸಾಮಾನಿಗೂ ರಕ್ಷಣೆ ಸಿಗುತ್ತದೆ. ಮೊತ್ತ ನಿಗದಿಯಾಗುವುದು ಕಟ್ಟುವ ಖರ್ಚಿನ ಮೇಲೆ; ಜಾಗದ ಬೆಲೆ ಸೇರುವುದಿಲ್ಲ. ಹಳೆಯ ಬಗೆಯ ಪಾಲಿಸಿಯಲ್ಲಿ 40 ಲಕ್ಷದ ಮನೆಗೆ 20 ಲಕ್ಷ ವಿಮೆ ಮಾಡಿಸಿದ್ದರೆ, 4 ಲಕ್ಷದ ಹಾನಿಗೆ 2 ಲಕ್ಷವೇ ಕೈಗೆ ಬರುತ್ತಿತ್ತು. ಇದರಲ್ಲಿ ಆ ಕಡಿತವಿಲ್ಲ. ಆದರೂ ವಿಮೆಯ ಮೊತ್ತ ಮೀರಿ ಒಂದು ರೂಪಾಯಿಯೂ ಬರುವುದಿಲ್ಲ.

ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ನಾಲ್ಕು ಕೆಲಸ ಮಾಡೋಣ. ಹಳೆಯ ನೆರೆಯ ನೀರು ಎಲ್ಲಿವರೆಗೆ ಬಂದಿತ್ತೆಂದು ಹಿರಿಯರನ್ನು ಕೇಳಿ, ನಮ್ಮ ಹೊಸ್ತಿಲು ಅದಕ್ಕಿಂತ ಎಷ್ಟು ಮೇಲಿದೆ ಎಂದು ಅಳೆಯೋಣ. ಇಂದಿನ ದರದಲ್ಲಿ ಮನೆ ಕಟ್ಟಲು ಎಷ್ಟಾಗುತ್ತದೆಂದು ಮೇಸ್ತ್ರಿಯಿಂದ ಬರೆಸಿಕೊಳ್ಳೋಣ. ಗೃಹಸಾಲದ ಜೊತೆ ಬಂದ ವಿಮೆ ಮನೆಗೋ ಅಥವಾ ಸಾಲ ಪಡೆದವರ ಜೀವಕ್ಕೋ ನೋಡೋಣ. ವರ್ಷದಲ್ಲಿ ಹನ್ನೊಂದು ತಿಂಗಳು ಬೀಗ ಹಾಕಿದ ಮನೆಗೂ ವಿಮೆ ನಡೆಯುತ್ತದೆಯೇ ಎಂದು ಕಂಪನಿಯಿಂದ ಬರಹದಲ್ಲಿ ಉತ್ತರ ಪಡೆಯೋಣ. ಕೋಣೆಕೋಣೆಯ ಫೋಟೋ, ಬಿಲ್ಲು, ಪಾಲಿಸಿ ಇವುಗಳ ಪ್ರತಿ ಮೊಬೈಲ್‌ನಲ್ಲಿ ಇರಲಿ. ಊರಿನ ಕಾಗದಗಳು ನೆರೆಯಲ್ಲಿ ಹೋದರೂ ಇಲ್ಲಿಂದಲೇ ಅರ್ಜಿ ಹಾಕಲು ಅವು ಬೇಕಾಗುತ್ತವೆ.